ಹೊಸ್ತಿಲ ಮೇಲೆ ನಿಲ್ಲಬಾರದು: ಗೇಟ್ ಡ್ರೈವರ್ ಬಗ್ಗೆ ಒಂದಿಷ್ಟು ಮಾತು

ನನ್ನ ಬಲಗೈಲಿರುವುದು ಐಜಿಬಿಟಿ ಮಾಡ್ಯೂಲ್, ಅಂದರೆ ಒಂದು ದೊಡ್ಡ ಎಲೆಕ್ಟ್ರಾನಿಕ್ ಸ್ವಿಚ್. ಮೋಟಾರಿನ ವೇಗ ಹಿಡಿತದಲ್ಲಿಡುವ ಡ್ರೈವಿನೊಳಗೆ ಕೂತು ನೂರಾರು ವೋಲ್ಟ್, ಹತ್ತಾರು ಆಂಪಿಯರ್ ಕತ್ತರಿಸುವ ಸಾಮಾನು. ಮೇಲಿನ ಪ್ಲಾಸ್ಟಿಕ್ ಸೀಳಿದೆ, ಒಳಗಿನ ಜೆಲ್ ಕಪ್ಪಾಗಿದೆ. ಎಡಗೈಲಿರುವುದು ಅದನ್ನು ಆನ್ ಆಫ್ ಮಾಡುತ್ತಿದ್ದ ಡ್ರೈವರ್ ಬೋರ್ಡ್. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಒಂದು ಗೀರೂ ಬಿದ್ದಿಲ್ಲ. ಯಾವುದು ಕೆಟ್ಟಿದೆ ಅಂತ ಕೇಳಿದರೆ ವಿದ್ಯಾರ್ಥಿಗಳೆಲ್ಲ ಬಲಗೈ ತೋರಿಸುತ್ತಿದ್ದೀರಿ. ಹಿಂದಿನ ಸಾಲಿನಲ್ಲಿ ಕೂತಿರುವ, ಊರಲ್ಲಿ ಡ್ರೈವ್ ರಿಪೇರಿ ಮಾಡುವ ಗೆಳೆಯರು ಎಡಗೈ ನೋಡುತ್ತಿದ್ದಾರೆ. ಸುಟ್ಟ ಮಾಡ್ಯೂಲ್ ತೆಗೆದು ಹೊಸದು ಹಾಕಿ, ಪವರ್ ಕೊಟ್ಟ ಕೂಡಲೇ ಹೊಸದೂ ಢಂ ಅಂದದ್ದನ್ನು ಅವರು ಕಂಡವರು.

ಇವತ್ತು ಮಾತಾಡುವುದು ಈ ಚಿಕ್ಕ ಬೋರ್ಡಿನ ಬಗ್ಗೆ. ಇಷ್ಟು ವರ್ಷ ಬೆಂಚಿನ ಮೇಲೆ ಕೆಲಸ ಮಾಡಿ ನನಗೆ ಅನ್ನಿಸಿರುವುದು ಇದು: ದೊಡ್ಡ ಸ್ವಿಚ್ ತಾನಾಗಿ ಸಾಯುವುದು ಬಹಳ ಕಡಿಮೆ. ಹೆಚ್ಚಿನ ಸಲ ಅದಕ್ಕೆ ಸಿಕ್ಕ ಆಜ್ಞೆ ಅರೆಬರೆಯಾಗಿರುತ್ತದೆ, ಇಲ್ಲವೇ ಹೊತ್ತು ತಪ್ಪಿ ಬಂದಿರುತ್ತದೆ.

ಮೊದಲು ಒಂದು ಲೆಕ್ಕ. 415 ವೋಲ್ಟ್ ತ್ರೀ ಫೇಸ್ ಸಪ್ಲೈಯನ್ನು ಡಿಸಿ ಮಾಡಿದರೆ ಸುಮಾರು 580 ವೋಲ್ಟ್ ಬರುತ್ತದೆ. ಮೋಟಾರಿಗೆ 20 ಆಂಪಿಯರ್ ಹೋಗುತ್ತಿದೆ ಅಂದುಕೊಳ್ಳಿ. ಸ್ವಿಚ್ ಆಫ್ ಇದ್ದಾಗ ಅದರ ಮೇಲೆ 580 ವೋಲ್ಟ್ ಇದೆ, ಕರೆಂಟ್ ಇಲ್ಲ. ಬಿಸಿ ಇಲ್ಲ. ಪೂರ್ತಿ ಆನ್ ಆದಾಗ 20 ಆಂಪಿಯರ್ ಇದೆ, ಆದರೆ ಅದರ ಮೇಲೆ ಉಳಿಯುವುದು ಸುಮಾರು 2 ವೋಲ್ಟ್. ಅಂದರೆ 40 ವ್ಯಾಟ್. ಒಂದು ಹೀಟ್ ಸಿಂಕ್ ಸಾಕು. ಆದರೆ ಆಫ್‌ನಿಂದ ಆನ್‌ಗೆ ಹೋಗುವ ದಾರಿಯಲ್ಲಿ? ಮೋಟಾರ್ ಒಂದು ಇಂಡಕ್ಟರ್ ಅಲ್ವಾ, ಕರೆಂಟನ್ನು ಸುಲಭಕ್ಕೆ ಬಿಡುವುದಿಲ್ಲ. ಹಾಗಾಗಿ ಸ್ವಿಚ್ ಮೊದಲು 20 ಆಂಪಿಯರ್ ಪೂರ್ತಿ ಹೊರಬೇಕು, ಆಮೇಲೆ ತಾನೇ ಅದರ ಮೇಲಿನ ವೋಲ್ಟೇಜ್ ಇಳಿಯುವುದು. ಆ ಕ್ಷಣಕ್ಕೆ 580 ಗುಣಿಸು 20. 11,600 ವ್ಯಾಟ್! ಉಗುರಿನಷ್ಟಿರುವ ಸಿಲಿಕಾನ್ ಚೂರಿನ ಮೇಲೆ.

ನಮ್ಮ ಮನೆಗಳಲ್ಲಿ ಅಜ್ಜಿಯರು ಹೇಳುತ್ತಿದ್ದರಲ್ಲ, ಹೊಸ್ತಿಲ ಮೇಲೆ ನಿಲ್ಲಬೇಡ, ಒಳಗಾದರೂ ಬಾ, ಹೊರಗಾದರೂ ಹೋಗು ಅಂತ. ಈ ಸ್ವಿಚ್‌ಗೂ ಅದೇ ಮಾತು. ಹೊಸ್ತಿಲು ದಾಟಲೇಬೇಕು, ಸೆಕೆಂಡಿಗೆ ಹತ್ತು ಸಾವಿರ ಸಲ ದಾಟಬೇಕು, ಆದರೆ ಅಲ್ಲಿ ನಿಲ್ಲಬಾರದು. ದಾಟಿಸುವ ಕೆಲಸ ಗೇಟ್ ಡ್ರೈವರಿನದು.

ಹಾಗಾದರೆ ಗೇಟ್ ಅಂದರೆ ಏನು? ಮಾಸ್ಫೆಟ್ ಅನ್ನುವ ಇನ್ನೊಂದು ಜಾತಿಯ ಸ್ವಿಚ್ ಆಗಲಿ ಐಜಿಬಿಟಿ ಆಗಲಿ, ಆಜ್ಞೆ ಪಡೆಯುವ ಅದರ ಕಾಲು, ಅಂದರೆ ಗೇಟ್, ಒಂದು ಕೆಪಾಸಿಟರ್. ಒಂದು ಕೊಡ ಅಂದುಕೊಳ್ಳಿ. ತುಂಬಿದರೆ ಆನ್, ಬರಿದು ಮಾಡಿದರೆ ಆಫ್. ತುಂಬಿದ ಮೇಲೆ ಸುಮ್ನೆ ಇರುತ್ತದೆ, ಕರೆಂಟ್ ಕೇಳುವುದಿಲ್ಲ. ಅದಕ್ಕೇ ಪುಸ್ತಕದಲ್ಲಿ "ಗೇಟಿಗೆ ಕರೆಂಟ್ ಬೇಡ" ಅಂತ ಓದಿರುತ್ತೀರಿ. ಅರ್ಧ ನಿಜ. ತುಂಬುವಾಗ, ಬರಿದು ಮಾಡುವಾಗ ಬೇಕು, ಚೆನ್ನಾಗೇ ಬೇಕು.

ಪ್ರಾಜೆಕ್ಟ್‌ಗಳಲ್ಲಿ ನೀವೆಲ್ಲ ಬಳಸುವ ಐಆರ್‌ಎಫ್ 540ಎನ್ ಅನ್ನುವ ಮಾಸ್ಫೆಟ್ ತೆಗೆದುಕೊಳ್ಳಿ. ಅದರ ಗೇಟ್ ತುಂಬಲು ಸುಮಾರು 70 ನ್ಯಾನೊಕೂಲಂಬ್ ಚಾರ್ಜ್ ಬೇಕು. ಆರ್ಡುಯಿನೊ ಅನ್ನುವ ಚಿಕ್ಕ ಕಂಟ್ರೋಲರ್ ಬೋರ್ಡಿನ ಪಿನ್ನಿನಿಂದ ಆರಾಮಾಗಿ ತೆಗೆಯಬಹುದಾದ್ದು 20 ಮಿಲಿಆಂಪಿಯರ್. 70 ನ್ಯಾನೊಕೂಲಂಬನ್ನು 20 ಮಿಲಿಆಂಪಿಯರ್‌ನಿಂದ ಭಾಗಿಸಿ: 3.5 ಮೈಕ್ರೊಸೆಕೆಂಡ್. ತುಂಬಲು ಅಷ್ಟು, ಬರಿದು ಮಾಡಲು ಅಷ್ಟು, ಒಟ್ಟು 7. ನೀವು 20 ಕಿಲೊಹರ್ಟ್ಜ್‌ನಲ್ಲಿ ಸ್ವಿಚ್ ಮಾಡುತ್ತಿದ್ದರೆ ಒಂದು ಸುತ್ತಿಗೆ ಇರುವುದೇ 50 ಮೈಕ್ರೊಸೆಕೆಂಡ್. ಆ 7 ಪೂರ್ತಿ ಹೊಸ್ತಿಲ ಮೇಲಿನ ಸಮಯ ಅಲ್ಲ, ಒಪ್ಪುತ್ತೇನೆ. ಆದರೆ ದೊಡ್ಡ ಪಾಲು ಅಲ್ಲೇ ಕಳೆಯುತ್ತದೆ. ಮಾಸ್ಫೆಟ್ ಮುಟ್ಟಿದರೆ ಕೈ ಸುಡುವುದು ಇದಕ್ಕೇ. ಅದೇ 2 ಆಂಪಿಯರ್ ಕೊಡುವ ಡ್ರೈವರ್ ಇಟ್ಟರೆ ಕೊಡ 35 ನ್ಯಾನೊಸೆಕೆಂಡಿನಲ್ಲಿ ತುಂಬುತ್ತದೆ. ನೂರು ಪಟ್ಟು ಬೇಗ.

ಇಲ್ಲೇ ಇನ್ನೊಂದು ತಪ್ಪು ಹೇಳಿಬಿಡುತ್ತೇನೆ, ಪ್ರತಿವರ್ಷ ನೋಡುತ್ತೇನೆ. ಡೇಟಾಶೀಟಿನಲ್ಲಿ ಥ್ರೆಶೋಲ್ಡ್ ವೋಲ್ಟೇಜ್ 2ರಿಂದ 4 ವೋಲ್ಟ್ ಅಂತ ಇರುತ್ತದೆ. ಅದನ್ನು ನೋಡಿ, ಹಾಗಾದರೆ 5 ವೋಲ್ಟ್ ಕೊಟ್ಟರೆ ಆನ್ ಆಗುತ್ತದೆ ಅಂದುಕೊಳ್ಳುತ್ತೀರಿ. ಥ್ರೆಶೋಲ್ಡ್ ಅಂದರೇನೇ ಹೊಸ್ತಿಲು. 540ಎನ್‌ನಲ್ಲಿ ಆ ಅಂಕಿ ಅಳೆದಿರುವುದು ಬರೀ 250 ಮೈಕ್ರೊಆಂಪಿಯರ್ ಹರಿಯುವಾಗ. ಬಾಗಿಲು ಆಗ ತಾನೇ ಕಿರ್ ಅಂದಿದೆ ಅಷ್ಟೇ. ಆನ್ ಆದಾಗಿನ ರೆಸಿಸ್ಟನ್ಸ್ 44 ಮಿಲಿಓಮ್ ಅಂತ ಬರೆದಿರುವ ಸಾಲಿನ ಪಕ್ಕ ನೋಡಿ, ಗೇಟಿಗೆ 10 ವೋಲ್ಟ್ ಅಂತ ಇರುತ್ತದೆ. ಆ ಸಾಲು ನೋಡಬೇಕು.

ಈಗ ಆಸಿಲ್ಲೊಸ್ಕೋಪ್ ಹತ್ತಿರ ಹೋಗೋಣ. ಇಲ್ಲಿ ಮಾಸ್ಫೆಟ್ ಆನ್ ಆಗುವಾಗಿನ ಗೇಟ್ ವೋಲ್ಟೇಜ್ ಹಿಡಿದಿಟ್ಟಿದ್ದೇನೆ. ಸೊನ್ನೆಯಿಂದ ಹೊರಟು ಮೇಲೆ ಹೋಗುತ್ತಿದೆ. 3, 4, 5. ಇಲ್ಲಿ ನೋಡಿ, 5ಕ್ಕಿಂತ ಸ್ವಲ್ಪ ಮೇಲೆ ಗೆರೆ ಮಲಗಿಬಿಟ್ಟಿದೆ. ಮೆಟ್ಟಿಲ ಹಾಗೆ. ಆಮೇಲೆ ಮತ್ತೆ ಎದ್ದು 12ಕ್ಕೆ ಹೋಗುತ್ತದೆ. ಡ್ರೈವರ್ ಕರೆಂಟ್ ಕೊಡುತ್ತಲೇ ಇದೆ, ಆದರೂ ಗೇಟ್ ಯಾಕೆ ಏರಲಿಲ್ಲ? ಪಕ್ಕದ ಹಸಿರು ಗೆರೆ ನೋಡಿ, ಅದು ಡ್ರೈನ್ ವೋಲ್ಟೇಜ್, ಅಂದರೆ ಸ್ವಿಚ್ಚಿನ ಮೇಲಿನ ವೋಲ್ಟೇಜ್. ಗೇಟ್ ಮಲಗಿರುವ ಅಷ್ಟೂ ಹೊತ್ತು ಅದು ಮೇಲಿನಿಂದ ಕೆಳಕ್ಕೆ ಬೀಳುತ್ತಿದೆ. ಗೇಟಿಗೂ ಡ್ರೈನಿಗೂ ನಡುವೆ ಇನ್ನೊಂದು ಸಣ್ಣ ಕೆಪಾಸಿಟರ್ ಇದೆ. ಡ್ರೈನ್ ಬೀಳುವಾಗ ನೀವು ಕೊಟ್ಟ ಕರೆಂಟನ್ನೆಲ್ಲ ಅದು ಕುಡಿಯುತ್ತದೆ. ಇದಕ್ಕೆ ಮಿಲ್ಲರ್ ಪ್ಲಾಟೊ ಅನ್ನುತ್ತಾರೆ. ಅಮೆರಿಕದ ಇಂಜಿನಿಯರ್ ಜಾನ್ ಮಿಲ್ಲರ್ ಇದರ ಬಗ್ಗೆ ಬರೆದದ್ದು 1920ರಲ್ಲಿ, ವ್ಯಾಕ್ಯೂಮ್ ಟ್ಯೂಬ್‌ಗಳ ಕಾಲದಲ್ಲಿ. ಟ್ಯೂಬ್ ಹೋಯಿತು, ಹೆಸರು ಉಳಿಯಿತು. ಆ ಮೆಟ್ಟಿಲು ಎಷ್ಟು ಉದ್ದ ಇದೆಯೋ ಸ್ವಿಚ್ಚಿನ ಮೇಲಿನ ವೋಲ್ಟೇಜ್ ಇಳಿಯಲು ಅಷ್ಟು ಹೊತ್ತು ಹಿಡಿಯುತ್ತಿದೆ ಅಂತ ಅರ್ಥ. ನಾನು ಯಾವುದೇ ಹೊಸ ಬೋರ್ಡ್ ಬಂದರೂ ಮೊದಲು ನೋಡುವುದು ಈ ಮೆಟ್ಟಿಲನ್ನೇ.

ಇದೇ ಚಿಕ್ಕ ಕೆಪಾಸಿಟರ್ ಇನ್ನೊಂದು ತೊಂದರೆ ಮಾಡುತ್ತದೆ. ಡಿಸಿಯನ್ನು ಮೋಟಾರಿಗೆ ಬೇಕಾದ ಏಸಿ ಮಾಡುವ ಇನ್ವರ್ಟರಿನಲ್ಲಿ, ಡಿಸಿಯ ಎರಡು ತಂತಿಗಳ ನಡುವೆ, ಒಂದರ ಮೇಲೊಂದು ಎರಡು ಸ್ವಿಚ್ ಇರುತ್ತವೆ. ಕೆಳಗಿನದು ಆಫ್ ಇದೆ. ಮೇಲಿನದು ಆನ್ ಆಯಿತು. ಕೆಳಗಿನದರ ಮೇಲಿನ ವೋಲ್ಟೇಜ್ ಗಬಕ್ಕನೆ ಏರುತ್ತದೆ, ಒಂದು ಮೈಕ್ರೊಸೆಕೆಂಡಿಗೆ 5,000 ವೋಲ್ಟ್ ವೇಗದಲ್ಲಿ ಅಂದುಕೊಳ್ಳಿ. ಆ ಸಣ್ಣ ಕೆಪಾಸಿಟರ್ 100 ಪಿಕೊಫ್ಯಾರಡ್ ಇದ್ದರೆ ಅರ್ಧ ಆಂಪಿಯರ್ ಕರೆಂಟ್ ಗೇಟಿನ ಒಳಗೆ ನುಗ್ಗುತ್ತದೆ. ಅದು ಡ್ರೈವರ್ ಕಡೆ ಹೋಗುವ ದಾರಿಯಲ್ಲಿ 10 ಓಮ್ ಗೇಟ್ ರೆಸಿಸ್ಟರ್ ಇದೆ. ಅರ್ಧ ಗುಣಿಸು ಹತ್ತು, 5 ವೋಲ್ಟ್! ಯಾರೂ ಹೇಳದೆ ಕೆಳಗಿನ ಸ್ವಿಚ್ ತಾನಾಗಿ ಬಾಗಿಲು ತೆರೆಯಿತು. ಎರಡೂ ಆನ್, ಡಿಸಿ ಬಸ್, ಅಂದರೆ ಆ ಎರಡು ತಂತಿ, ಶಾರ್ಟ್. ಇದನ್ನು ತಪ್ಪಿಸಲು ಆಫ್ ಇರುವಾಗ ಗೇಟನ್ನು ಸೊನ್ನೆಯಲ್ಲಿ ಬಿಡದೆ ಮೈನಸ್ 5, ಮೈನಸ್ 8 ವೋಲ್ಟಿಗೆ ಎಳೆದಿಡುತ್ತಾರೆ. ಇಲ್ಲವೇ ಆಫ್ ಆಗಲು ಬೇರೆ ಚಿಕ್ಕ ರೆಸಿಸ್ಟರ್ ಕೊಡುತ್ತಾರೆ, ಒಂದು ಡಯೋಡ್ ಜೊತೆ. ಈಗಿನ ಎಷ್ಟೋ ಡ್ರೈವರ್ ಚಿಪ್‌ಗಳಲ್ಲಿ ಮಿಲ್ಲರ್ ಕ್ಲ್ಯಾಂಪ್ ಅಂತ ಬೇರೆ ಪಿನ್ನೇ ಇರುತ್ತದೆ.

ಐಜಿಬಿಟಿ ಅಂದಾಗ ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಅದಕ್ಕೆ ಮುಂಚೆ ದೊಡ್ಡ ಕರೆಂಟಿಗೆ ಥೈರಿಸ್ಟರ್ ಇತ್ತು. ಆನ್ ಮಾಡುವುದು ಸುಲಭ, ಡಿಸಿಯಲ್ಲಿ ಆಫ್ ಮಾಡಲು ದೊಡ್ಡ ಸರ್ಕಸ್. ಪವರ್ ಟ್ರಾನ್ಸಿಸ್ಟರ್ ಇತ್ತು, ಅದರ ಬೇಸ್ ಅನ್ನುವ ಕಾಲಿಗೆ ಆನ್ ಇರುವಷ್ಟು ಹೊತ್ತೂ ಆಂಪಿಯರ್‌ಗಟ್ಟಲೆ ಸುರಿಯುತ್ತಿರಬೇಕು. ಡ್ರೈವ್ ಬೋರ್ಡೇ ಒಂದು ಪವರ್ ಸಪ್ಲೈ ಆಗಿಬಿಡುತ್ತಿತ್ತು. ಮಾಸ್ಫೆಟ್ಟಿನ ಗೇಟನ್ನೂ ಟ್ರಾನ್ಸಿಸ್ಟರಿನ ಕರೆಂಟ್ ಹೊರುವ ಶಕ್ತಿಯನ್ನೂ ಒಂದೇ ಸಿಲಿಕಾನಿನಲ್ಲಿ ಕೂಡಿಸಿ, ಅದನ್ನು ಕೈಗೆ ಸಿಗುವ ಸಾಮಾನಾಗಿ ಮಾಡಿದವರಲ್ಲಿ ದೊಡ್ಡ ಹೆಸರು ಬಿ. ಜಯಂತ ಬಾಳಿಗಾ ಅವರದು. ಬೆಳೆದದ್ದು ಬೆಂಗಳೂರಿನ ಜಾಲಹಳ್ಳಿಯಲ್ಲಿ. 1969ರಲ್ಲಿ ಮದ್ರಾಸ್ ಐಐಟಿಯಿಂದ ಇಂಜಿನಿಯರ್ ಆಗಿ ಅಮೆರಿಕಕ್ಕೆ ಹೋದರು. ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದಾಗ 1980ರ ದಶಕದ ಆರಂಭದಲ್ಲಿ ಈ ಕೆಲಸ ಮಾಡಿದರು. 2024ರಲ್ಲಿ ಫಿನ್ಲೆಂಡಿನ ಮಿಲೆನಿಯಮ್ ಟೆಕ್ನಾಲಜಿ ಪ್ರಶಸ್ತಿ ಬಂತು. ಇನ್ವರ್ಟರ್ ಏಸಿ, ಇಂಡಕ್ಷನ್ ಒಲೆ, ರೈಲು, ಎಲ್ಲದರೊಳಗೂ ಈ ಸಾಮಾನು ಇದೆ. ಜಾಲಹಳ್ಳಿ ಕಡೆ ಬಸ್ಸಿನಲ್ಲಿ ಹೋಗುವಾಗೆಲ್ಲ ನನಗೆ ಇದು ನೆನಪಾಗಿ ಖುಷಿಯಾಗುತ್ತದೆ.

ಸರಿ, ಮೇಲಿನ ಸ್ವಿಚ್ಚಿನ ಕಷ್ಟಕ್ಕೆ ಬರೋಣ. ಗೇಟಿಗೆ 15 ವೋಲ್ಟ್ ಅಂದರೆ ಯಾವುದರಿಂದ 15? ಅದರದೇ ಕರೆಂಟ್ ಹೊರಬರುವ ಕಾಲಾದ ಎಮಿಟರ್‌ನಿಂದ. ಕೆಳಗಿನ ಸ್ವಿಚ್ಚಿನ ಎಮಿಟರ್ ನೆಲದ ಮೇಲೆ ಕೂತಿದೆ, ಚಿಂತೆ ಇಲ್ಲ. ಮೇಲಿನದರ ಎಮಿಟರ್ ಒಮ್ಮೆ ಸೊನ್ನೆ, ಒಮ್ಮೆ 580. ಜಾತ್ರೆಯ ತೊಟ್ಟಿಲಲ್ಲಿ ಕೂತ ಮಗುವಿಗೆ ಕೆಳಗೆ ನಿಂತು ಊಟ ಮಾಡಿಸಿದ ಹಾಗೆ. ಒಂದು ಉಪಾಯ, ಬುತ್ತಿ ಕಟ್ಟಿಕೊಡುವುದು. ಅದೇ ಬೂಟ್‌ಸ್ಟ್ರ್ಯಾಪ್ ಕೆಪಾಸಿಟರ್. ಕೆಳಗಿನ ಸ್ವಿಚ್ ಆನ್ ಇದ್ದಾಗ ಮೇಲಿನವನು ನೆಲಕ್ಕೆ ಇಳಿದಿರುತ್ತಾನೆ, ಆಗ ಒಂದು ಡಯೋಡ್ ಮೂಲಕ ಕೆಪಾಸಿಟರ್ ತುಂಬಿಸಿಕೊಳ್ಳುತ್ತಾನೆ. ಮೇಲೆ ಹೋದಾಗ ಅದನ್ನೇ ತಿನ್ನುತ್ತಾನೆ. ಐಆರ್ 2110 ಚಿಪ್ ಮಾಡುವುದು ಇದನ್ನೇ, 500 ವೋಲ್ಟ್ ತನಕ. ಹಾಗಾಗಿ ನಮ್ಮ 580 ವೋಲ್ಟ್ ಬಸ್ಸಿಗೆ ಅದು ಸಾಲದು, 1,200 ವೋಲ್ಟ್ ತಡೆಯುವ ಜಾತಿಯದು ಬೇಕು. ಬುತ್ತಿ ಅಂದ ಮೇಲೆ ಖಾಲಿಯಾಗುತ್ತದೆ. ಮೇಲಿನ ಸ್ವಿಚ್ಚನ್ನೇ ನಿಲ್ಲಿಸದೆ ಆನ್ ಇಟ್ಟರೆ ಸ್ವಲ್ಪ ಹೊತ್ತಿಗೆ ಅದು ಹೊಸ್ತಿಲಿಗೆ ಇಳಿಯುತ್ತದೆ. ಎಷ್ಟೋ ಜನ ಮೇಲಿನ ಸ್ವಿಚ್ ಒಂದನ್ನೇ ಟೆಸ್ಟ್ ಮಾಡಿ, ಚಿಪ್ ಕೆಟ್ಟಿದೆ ಅಂತ ಬಿಸಾಡುತ್ತಾರೆ. ಚಿಪ್ ಸರಿಯಾಗೇ ಇರುತ್ತದೆ, ಕೆಳಗಿನದನ್ನು ಒಮ್ಮೆಯೂ ಆನ್ ಮಾಡಿರುವುದಿಲ್ಲ. ಬುತ್ತಿ ಬೇಡ ಅಂದರೆ ಟಿಎಲ್‌ಪಿ 250 ಥರದ, ಆಜ್ಞೆಯನ್ನು ಬೆಳಕಿನ ಮೂಲಕ ದಾಟಿಸುವ ಆಪ್ಟೊಕಪ್ಲರ್ ಡ್ರೈವರ್ ಹಾಕಿ, ಪ್ರತಿ ಮೇಲಿನ ಸ್ವಿಚ್ಚಿಗೂ ಬೇರೆ ಬೇರೆ ಐಸೊಲೇಟೆಡ್, ಅಂದರೆ ನೆಲಕ್ಕೆ ತಾಗದ, ಸಪ್ಲೈ ಕೊಡಬೇಕು. ಖರ್ಚು ಜಾಸ್ತಿ, ನೆಮ್ಮದಿಯೂ ಜಾಸ್ತಿ.

ಡೆಡ್ ಟೈಮ್ ನಿಮಗೆ ಗೊತ್ತಿದೆ, ಒಂದು ಸ್ವಿಚ್ ಆಫ್ ಆಗಿ ಇನ್ನೊಂದು ಆನ್ ಆಗುವ ನಡುವೆ ಎರಡೂ ಆಫ್ ಇರುವ ಹೊತ್ತು. ಸಿಂಗಲ್ ಲೈನ್ ರೈಲಿನ ಹಾಗೆ, ಒಂದು ಗಾಡಿ ಪೂರ್ತಿ ಆಚೆ ಹೋಗದೆ ಇನ್ನೊಂದನ್ನು ಬಿಡಬಾರದು. ಐಜಿಬಿಟಿ ಆಫ್ ಆಗುವಾಗ ಕರೆಂಟ್ ತಕ್ಷಣ ನಿಲ್ಲದೆ ಸ್ವಲ್ಪ ಬಾಲ ಎಳೆಯುತ್ತದೆ, ಅದಕ್ಕೆ 2 ಮೈಕ್ರೊಸೆಕೆಂಡ್ ಬಿಡುತ್ತಾರೆ. ಭಯಕ್ಕೆ 5 ಬಿಡೋಣ ಅನ್ನಬೇಡಿ. 10 ಕಿಲೊಹರ್ಟ್ಜ್‌ನಲ್ಲಿ 2 ಮೈಕ್ರೊಸೆಕೆಂಡ್ ಅಂದರೆ ನೂರಕ್ಕೆ ಎರಡು ಪಾಲು. 580ರಲ್ಲಿ ಎರಡು ಪಾಲು ಸುಮಾರು 12 ವೋಲ್ಟ್. ಮೋಟಾರ್ ಪೂರ್ತಿ ವೇಗದಲ್ಲಿದ್ದಾಗ ಅದು ಕಾಣುವುದಿಲ್ಲ. ಆದರೆ 415 ವೋಲ್ಟ್ 50 ಹರ್ಟ್ಜ್ ಮೋಟಾರನ್ನು 5 ಹರ್ಟ್ಜ್‌ನಲ್ಲಿ ಓಡಿಸುವಾಗ ಅದಕ್ಕೆ ಬೇಕಾಗಿರುವುದೇ 41 ವೋಲ್ಟ್. ಅದರಲ್ಲಿ 12 ಹೋದರೆ ಮೋಟಾರ್ ಗುರ್ ಅನ್ನುತ್ತದೆ, ಶಾಫ್ಟ್ ತಡವರಿಸುತ್ತದೆ. ಕರೆಂಟಿನ ದಿಕ್ಕು ನೋಡಿ ಅಷ್ಟನ್ನು ಸಾಫ್ಟ್‌ವೇರಿನಲ್ಲಿ ತುಂಬಿಕೊಡಬಹುದು, ಒಳ್ಳೆ ಡ್ರೈವ್‌ಗಳು ಹಾಗೇ ಮಾಡುತ್ತವೆ.

ಈಗ ಈ ಸೀಳಿದ ಮಾಡ್ಯೂಲಿನ ಕಥೆ. ನಾನು ಕೆಲಸ ಮಾಡುತ್ತಿದ್ದ ಕಡೆ ಸೋಲಾರ್ ಪಂಪ್ ಕಂಟ್ರೋಲರ್ ಮಾಡುತ್ತಿದ್ದೆವು. ಪ್ಯಾನೆಲ್‌ನ ಡಿಸಿ ತೆಗೆದುಕೊಂಡು ಬೋರ್‌ವೆಲ್ ಮೋಟಾರಿಗೆ ತ್ರೀ ಫೇಸ್ ಕೊಡುವ ಪೆಟ್ಟಿಗೆ. ಲ್ಯಾಬಿನಲ್ಲಿ ವಾರಗಟ್ಟಲೆ ಓಡಿತ್ತು. ಶಿರಾ ಕಡೆಯ ಒಂದು ಹೊಲದಿಂದ ಮಾತ್ರ ಮಾಡ್ಯೂಲ್ ಸುಟ್ಟು ವಾಪಸ್ ಬರುತ್ತಿತ್ತು. ಒಂದು, ಎರಡು, ಮೂರು. ನಾವು ಮೋಟಾರ್ ಕೇಬಲ್ ಉದ್ದ ಅಂದೆವು, ಮಿಂಚು ಅಂದೆವು, ಮಾಡ್ಯೂಲ್ ಲಾಟ್ ಸರಿ ಇಲ್ಲ ಅಂದೆವು. ಆ ರೈತರು ಮೊದಲ ದಿನವೇ ಫೋನಿನಲ್ಲಿ ಹೇಳಿದ್ದರು, "ಬೆಳಿಗ್ಗೆ ಬಿಸಿಲು ಹತ್ತೋ ಮುಂಚೇನೇ ಹೋಗುತ್ತೆ ಸಾರ್, ಮಧ್ಯಾಹ್ನ ಯಾವತ್ತೂ ಹೋಗಿಲ್ಲ" ಅಂತ. ಉತ್ತರ ಆ ಮಾತಿನಲ್ಲೇ ಇತ್ತು. ನಾವು ಅದನ್ನು ಕಿವಿಗೆ ಹಾಕಿಕೊಳ್ಳಲು ಎರಡು ವಾರ ಬೇಕಾಯಿತು. ಈಗಲೂ ನನಗೆ ಅದರ ಬಗ್ಗೆ ಬೇಸರ ಇದೆ, ಯಾಕೆಂದರೆ ಆ ಎರಡು ವಾರ ಅವರ ಕಡಲೆಕಾಯಿ ಗಿಡಕ್ಕೆ ನೀರಿರಲಿಲ್ಲ.

ಕೊನೆಗೆ ಅವರ ಮನೆಯಲ್ಲೇ ರಾತ್ರಿ ಉಳಿದು, ಬೆಳಿಗ್ಗೆ ಐದೂವರೆಗೆ ಬ್ಯಾಟರಿ ಸ್ಕೋಪ್ ಹಿಡಿದು ಪಂಪ್ ಶೆಡ್ಡಿನಲ್ಲಿ ಕೂತೆವು. ಸೂರ್ಯ ಇನ್ನೂ ಹುಣಸೆ ಮರದ ಹಿಂದೆ. ಡಿಸಿ ಬಸ್ ನೋಡಿದರೆ ಆಗಲೇ 500 ದಾಟಿದೆ. ಪ್ಯಾನೆಲ್ ಸ್ವಭಾವ ಅದು. ಮಂದ ಬೆಳಕಿನಲ್ಲೂ ವೋಲ್ಟೇಜ್ ಚೆನ್ನಾಗೇ ತೋರಿಸುತ್ತದೆ, ಕರೆಂಟ್ ಕೇಳಿದಾಗ ಮಾತ್ರ ಕೈಯಲ್ಲಿ ಏನೂ ಇರುವುದಿಲ್ಲ. ಕಂಟ್ರೋಲರ್ ವೋಲ್ಟೇಜ್ ನೋಡಿ ಬಿಸಿಲು ಬಂತು ಅಂದುಕೊಂಡು ಮೋಟಾರ್ ಶುರು ಮಾಡಿತು. ಬಸ್ ಧಡಾರನೆ ಕುಸಿಯಿತು. ಒಳಗಿನ ಚಿಕ್ಕ ಪವರ್ ಸಪ್ಲೈ ಆ ಬಸ್ಸಿನಿಂದಲೇ ಬದುಕುವಂಥದ್ದು. ಗೇಟಿನ 15 ವೋಲ್ಟ್ ಸ್ಕೋಪಿನ ಮೇಲೆ ಕಣ್ಣೆದುರೇ ಜಾರಿತು. 13, 11, 10. ಐಜಿಬಿಟಿ ಪೂರ್ತಿ ಆನ್ ಇರಲಾರದೆ ಹೊಸ್ತಿಲಿಗೆ ಬಂದು ನಿಂತಿತು, ಮೈಮೇಲೆ ಮೋಟಾರ್ ಶುರುವಾಗುವ ಕರೆಂಟ್. ಅಷ್ಟರಲ್ಲಿ ಕಂಟ್ರೋಲರ್ ಟ್ರಿಪ್ ಆಯಿತು. ಬಸ್ ಮತ್ತೆ ಎದ್ದಿತು. ಮತ್ತೆ ಶುರು, ಮತ್ತೆ ಕುಸಿತ. ಅರ್ಧ ಗಂಟೆಯಲ್ಲಿ ನಲವತ್ತಕ್ಕೂ ಹೆಚ್ಚು ಸಲ ಎಣಿಸಿದೆವು. ದಿನಾ ಬೆಳಿಗ್ಗೆ ಹೀಗೆ ಬೆಂದು ಬೆಂದು ಒಂದು ದಿನ ಸೀಳುತ್ತಿತ್ತು.

ಇಂಥದ್ದನ್ನು ತಡೆಯಲೆಂದೇ ಡ್ರೈವರ್ ಚಿಪ್‌ನಲ್ಲಿ ಅಂಡರ್ ವೋಲ್ಟೇಜ್ ಲಾಕ್‌ಔಟ್ ಇರುತ್ತದೆ. ಸಪ್ಲೈ ಕಡಿಮೆಯಾದರೆ ಯಾರು ಏನೇ ಹೇಳಿದರೂ ಗೇಟನ್ನು ಆಫ್‌ನಲ್ಲಿ ಇಡುತ್ತದೆ. ನಮ್ಮ ಚಿಪ್‌ನಲ್ಲೂ ಇತ್ತು, ಆದರೆ 8 ವೋಲ್ಟಿಗೆ. ಅದು ಮಾಸ್ಫೆಟ್ಟಿಗೆ ಸರಿಯಾದ ಅಂಕಿ. ಐಜಿಬಿಟಿಗೆ 12ರ ಹತ್ತಿರ ಇರಬೇಕು. ಒಂದೇ ಚಿಪ್, ಕೊನೆಯ ಅಕ್ಷರ ಬೇರೆ, ಬೆಲೆ ಒಂದೇ. ನಾವು ಆರ್ಡರ್ ಮಾಡುವಾಗ ಆ ಅಕ್ಷರ ನೋಡಿರಲಿಲ್ಲ. ಸರಿಯಾದ ಚಿಪ್ ಹಾಕಿದೆವು. ಸಾಫ್ಟ್‌ವೇರಿನಲ್ಲೂ ಬದಲಾಯಿಸಿದೆವು: ಗೇಟ್ ಸಪ್ಲೈ 14 ವೋಲ್ಟಿನ ಮೇಲೆ ನಿಂತಿದೆಯಾ ನೋಡು, ಬಸ್ಸಿನ ಮೇಲೆ ಸಣ್ಣ ಲೋಡ್ ಹಾಕಿ ಪ್ಯಾನೆಲ್ ನಿಜವಾಗಿ ಕರೆಂಟ್ ಕೊಡುತ್ತದಾ ನೋಡು, ಆಮೇಲೆ ಶುರು ಮಾಡು. ಆ ಹೊಲದಿಂದ ಮತ್ತೆ ಮಾಡ್ಯೂಲ್ ವಾಪಸ್ ಬರಲಿಲ್ಲ.

ಶಾರ್ಟ್ ಸರ್ಕ್ಯೂಟ್ ಆದಾಗ ಏನು? ಹೆಚ್ಚಿನ ಡ್ರೈವ್‌ಗಳ ಐಜಿಬಿಟಿ ಶಾರ್ಟನ್ನು ಸುಮಾರು 10 ಮೈಕ್ರೊಸೆಕೆಂಡ್ ತಡೆದುಕೊಳ್ಳುತ್ತದೆ. ಈಗ ಬರುತ್ತಿರುವ ಸಿಲಿಕಾನ್ ಕಾರ್ಬೈಡ್ ಮಾಸ್ಫೆಟ್‌ಗಳು ಎರಡು ಮೂರು ಮೈಕ್ರೊಸೆಕೆಂಡ್ ಅಷ್ಟೇ. 10 ಕಿಲೊಹರ್ಟ್ಜ್ ಕಂಟ್ರೋಲ್ ಲೂಪ್ ಕರೆಂಟ್ ಓದುವುದು 100 ಮೈಕ್ರೊಸೆಕೆಂಡಿಗೆ ಒಮ್ಮೆ. ಅದು ನೋಡುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಹಾಗಾಗಿ ಈ ಕಾವಲು ಡ್ರೈವರ್ ಬೋರ್ಡಿನ ಮೇಲೇ ಇರಬೇಕು. ಆನ್ ಇರುವ ಸ್ವಿಚ್ಚಿನ ಮೇಲೆ 2 ವೋಲ್ಟ್ ಇರಬೇಕಾದಲ್ಲಿ 7 ಕಂಡರೆ ಏನೋ ಕೆಟ್ಟಿದೆ ಅಂತ ಅರ್ಥ. ಆಗ ಗೇಟನ್ನು ಮೆಲ್ಲಗೆ ಇಳಿಸಬೇಕು. ಇಲ್ಲಿ ಮಾತ್ರ ಹೊಸ್ತಿಲನ್ನು ಬೇಗ ದಾಟಬಾರದು. 400 ಆಂಪಿಯರ್ ಶಾರ್ಟ್ ಕರೆಂಟನ್ನು 100 ನ್ಯಾನೊಸೆಕೆಂಡಿನಲ್ಲಿ ಕತ್ತರಿಸಿದರೆ, ದಾರಿಯಲ್ಲಿ ಬರೀ 50 ನ್ಯಾನೊಹೆನ್ರಿ ಇಂಡಕ್ಟನ್ಸ್ ಇದ್ದರೂ 200 ವೋಲ್ಟ್ ಚಿಮ್ಮುತ್ತದೆ, 580ರ ಮೇಲೆ.

ದಾರಿ ಅಂದೆನಲ್ಲ, ತಂತಿಯ ಬಗ್ಗೆ ಒಂದೇ ಮಾತು. ಒಂದು ಮಿಲಿಮೀಟರ್ ತಂತಿ ಸುಮಾರು ಒಂದು ನ್ಯಾನೊಹೆನ್ರಿ. ಗೇಟಿನ ವಾಪಸ್ ತಂತಿಯೂ ಮೋಟಾರ್ ಕರೆಂಟೂ ಬರೀ ಒಂದು ಸೆಂಟಿಮೀಟರ್ ದಾರಿ ಹಂಚಿಕೊಂಡರೆ, 100 ಆಂಪಿಯರ್ 100 ನ್ಯಾನೊಸೆಕೆಂಡಿನಲ್ಲಿ ಬದಲಾದಾಗ ಅಲ್ಲಿ 10 ವೋಲ್ಟ್ ಹುಟ್ಟುತ್ತದೆ. ನೀವು ಕೊಟ್ಟ 15ರಲ್ಲಿ ಗೇಟಿಗೆ ತಲುಪುವುದು 5. ಮಾಡ್ಯೂಲಿನಲ್ಲಿ ಎಮಿಟರಿಗೆ ಒಂದು ಪುಟ್ಟ ಹೆಚ್ಚುವರಿ ಪಿನ್ ಇರುವುದು ಇದಕ್ಕೇ. ಡ್ರೈವರಿನ ವಾಪಸ್ ತಂತಿ ಅಲ್ಲಿಗೇ ಹೋಗಬೇಕು, ಗೇಟ್ ತಂತಿಯ ಜೊತೆ ಹೆಣೆದುಕೊಂಡು.

ಇವತ್ತು ಸಂಜೆ ಲ್ಯಾಬಿಗೆ ಹೋಗಿ ನಿಮ್ಮ ಇನ್ವರ್ಟರ್ ಆನ್ ಮಾಡುವವರಿಗೆ ನಾನು ಮಾಡುವ ಕ್ರಮ ಹೇಳುತ್ತೇನೆ. ಡಿಸಿ ಬಸ್ ಕೊಡಬೇಡಿ. ಡ್ರೈವರ್ ಸಪ್ಲೈ ಮಾತ್ರ ಕೊಟ್ಟು ಗೇಟ್‌ಗಳನ್ನು ನೋಡಿ, ಡೆಡ್ ಟೈಮ್ ಅಳೆಯಿರಿ. ಮೈಕ್ರೊಕಂಟ್ರೋಲರನ್ನು ರೀಸೆಟ್ ಒತ್ತಿ ಹಿಡಿದುಕೊಳ್ಳಿ. ಆಗ ಅದರ ಪಿನ್‌ಗಳು ಆನ್ ಕಡೆಗೂ ಇರುವುದಿಲ್ಲ, ಆಫ್ ಕಡೆಗೂ ಇರುವುದಿಲ್ಲ, ಗೇಟ್‌ಗಳೆಲ್ಲ ಆಫ್ ಇವೆಯಾ ನೋಡಿ. ಇಲ್ಲದಿದ್ದರೆ, ಸೊನ್ನೆಗೆ ಎಳೆದಿಡಲು, ಡ್ರೈವರಿನ ಇನ್‌ಪುಟ್ಟಿಗೆ ಒಂದು ಪುಲ್‌ಡೌನ್ ರೆಸಿಸ್ಟರ್ ಹಾಕಿ. ಡ್ರೈವರ್ ಸಪ್ಲೈಯೇ ಹೋದಾಗ ಗೇಟ್ ತೇಲದಿರಲು ಗೇಟಿಗೂ ಎಮಿಟರಿಗೂ ನಡುವೆ ಒಂದು 10 ಕಿಲೊಓಮ್. ಡ್ರೈವರ್ ಸಪ್ಲೈಯನ್ನು ನಿಧಾನವಾಗಿ ಇಳಿಸಿ, ಎಷ್ಟಕ್ಕೆ ಲಾಕ್ ಆಗುತ್ತದೆ ಅಂತ ಬರೆದುಕೊಳ್ಳಿ. ಆಮೇಲೆ ಬಸ್ಸಿಗೆ 30 ವೋಲ್ಟ್, ಕರೆಂಟ್ ಲಿಮಿಟ್ ಇರುವ ಸಪ್ಲೈಯಿಂದ. ಅದು ಸರಿ ಇದ್ದರೆ ಮೇನ್ಸ್, ಸೀರೀಸಿನಲ್ಲಿ 100 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬ್ ಹಾಕಿ. ಬಲ್ಬ್ ಒಮ್ಮೆ ಮಿನುಗಿ ಆರಿದರೆ ಕೆಪಾಸಿಟರ್ ತುಂಬಿತು, ಎಲ್ಲ ಸರಿ. ಹೊತ್ತಿಕೊಂಡೇ ಇದ್ದರೆ ಎಲ್ಲೋ ಎರಡು ಸ್ವಿಚ್ ಒಟ್ಟಿಗೆ ಆನ್ ಇವೆ, ಆದರೆ ಬಲ್ಬ್ ನಿಮ್ಮ ಮಾಡ್ಯೂಲನ್ನು ಉಳಿಸಿದೆ. ಆಫ್ ಮಾಡಿದ ಮೇಲೆ ಬಸ್ ಕೆಪಾಸಿಟರಿನಲ್ಲಿ ನೂರಾರು ವೋಲ್ಟ್ ನಿಮಿಷಗಟ್ಟಲೆ ಉಳಿದಿರುತ್ತದೆ. ಮೀಟರ್ ಇಟ್ಟು 30ಕ್ಕಿಂತ ಕೆಳಗೆ ಇಳಿದದ್ದನ್ನು ಕಣ್ಣಾರೆ ನೋಡಿ, ಆಮೇಲೆ ಬೋರ್ಡಿಗೆ ಕೈ ಹಾಕಿ. ಸ್ಕೋಪ್ ಇಲ್ಲೇ ಇದೆ, ಮೆಟ್ಟಿಲು ನೋಡಬೇಕು ಅನ್ನುವವರು ಮುಂದೆ ಬನ್ನಿ.